ಗಡಿಯಲ್ಲಿ ತಡವರಿಸುವ ಸರ್ಕ್ಯೂಟ್: ಕಂಪ್ಯಾರೇಟರ್‌ಗೆ ಹಿಸ್ಟೆರಿಸಿಸ್ ಕೊಡುವುದು, ಪರೀಕ್ಷಿಸುವುದು ಹೇಗೆ?

ಕತ್ತಲಾದಾಗ ತಾನಾಗಿ ಹತ್ತಿಕೊಳ್ಳಬೇಕಾದ ದೀಪ, ಹತ್ತುವ ಮುನ್ನ ಅರ್ಧ ನಿಮಿಷ ಪಟಪಟನೆ ಮಿಟುಕುತ್ತದೆ. ಬಿಸಿ ಏರಿದಾಗ ಓಡಬೇಕಾದ ಫ್ಯಾನಿನ ರಿಲೇ ಟಕಟಕ ಎನ್ನುತ್ತಲೇ ಇದ್ದು, ಕೊನೆಗೆ ತನ್ನ ಕಾಂಟ್ಯಾಕ್ಟನ್ನೇ ಸುಟ್ಟುಕೊಳ್ಳುತ್ತದೆ. ಸೆನ್ಸರ್ ಬದಲಿಸಿದರೂ ಚಿಪ್ ಬದಲಿಸಿದರೂ ಕಾಟ ತಪ್ಪುವುದಿಲ್ಲ. ಏಕೆಂದರೆ ಕೆಟ್ಟಿರುವುದು ಯಾವ ಬಿಡಿಭಾಗವೂ ಅಲ್ಲ. ಆನ್ ಆಗಲೂ ಆಫ್ ಆಗಲೂ ಒಂದೇ ಗಡಿಯನ್ನು ಇಟ್ಟದ್ದೇ ತಪ್ಪು. ಎರಡು ಗಡಿ ಇಡುವ ವಿಧಾನಕ್ಕೆ ಹಿಸ್ಟೆರಿಸಿಸ್ ಎಂದು ಹೆಸರು. ಬೇಕಾಗುವುದು ಹೆಚ್ಚೆಂದರೆ ಇನ್ನೊಂದು ರೆಸಿಸ್ಟರ್. ಆದರೆ ಅದರ ಮೌಲ್ಯವನ್ನು ಅಂದಾಜಿನಲ್ಲಿ ಹಾಕಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ.

ಕಂಪ್ಯಾರೇಟರ್ ಮಾಡುವುದೇನು?

ಎರಡು ವೋಲ್ಟೇಜ್‌ಗಳನ್ನು ಹೋಲಿಸುವ ಚಿಪ್ಪೇ ಕಂಪ್ಯಾರೇಟರ್. ಅದಕ್ಕೆ ಎರಡು ಇನ್‌ಪುಟ್ ಪಿನ್‌ಗಳಿರುತ್ತವೆ: ಒಂದು ಪ್ಲಸ್, ಇನ್ನೊಂದು ಮೈನಸ್. ಪ್ಲಸ್ ಪಿನ್ನಿನ ವೋಲ್ಟೇಜ್ ಹೆಚ್ಚಿದ್ದರೆ ಔಟ್‌ಪುಟ್ ಹೈ, ಮೈನಸ್ ಪಿನ್ನಿನದು ಹೆಚ್ಚಿದ್ದರೆ ಲೋ. ನಡುವಿನ ಉತ್ತರ ಅದಕ್ಕೆ ಗೊತ್ತಿಲ್ಲ. ತಕ್ಕಡಿಯೂ ಹೀಗೆಯೇ: ಯಾವ ತಟ್ಟೆ ಭಾರವೋ ಅತ್ತ ವಾಲುತ್ತದೆ, ಎರಡೂ ಸಮಸಮ ಆದಾಗ ಮುಳ್ಳು ತುಯ್ದಾಡುತ್ತದೆ.

ಆ ತುಯ್ದಾಟ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಅಂಕಿ. ಎಲ್ಲೆಡೆ ಬಳಕೆಯಲ್ಲಿರುವ ಎಲ್‌ಎಂ393 ಚಿಪ್‌ನ ಗೇನ್ ಸುಮಾರು 2 ಲಕ್ಷ. ಎಂದರೆ ಔಟ್‌ಪುಟ್ಟನ್ನು 5 ವೋಲ್ಟ್ ಕದಲಿಸಲು ಎರಡು ಇನ್‌ಪುಟ್‌ಗಳ ನಡುವೆ 25 ಮೈಕ್ರೋವೋಲ್ಟ್ ವ್ಯತ್ಯಾಸ ಸಾಕು. ಮೀಟರ್ ಉದ್ದದ ಸೆನ್ಸರ್ ವೈರಿನ ಮೇಲೆ ಹತ್ತಾರು ಮಿಲಿವೋಲ್ಟ್ ನಾಯ್ಸ್ (ಸಿಗ್ನಲ್ ಜೊತೆ ಬೆರೆಯುವ ಬೇಡದ ವೋಲ್ಟೇಜ್ ಏರಿಳಿತ) ಕೂರುವುದು ಮಾಮೂಲು, ಅದು ಈ ವ್ಯತ್ಯಾಸದ ಸಾವಿರ ಪಟ್ಟು.

ಸಿಗ್ನಲ್ ನಿಧಾನವಾಗಿ ಬದಲಾಗುವಾಗ ಕಷ್ಟ ಇನ್ನೂ ಹೆಚ್ಚು. ತಾಪಮಾನ ನಿಮಿಷಕ್ಕೆ 1 ಡಿಗ್ರಿಯಂತೆ ಏರುತ್ತಿದೆ, ಸೆನ್ಸರ್ ವೋಲ್ಟೇಜ್ ಡಿಗ್ರಿಗೆ 47 ಮಿಲಿವೋಲ್ಟ್ ಬದಲಾಗುತ್ತಿದೆ, ಅದರ ಮೇಲೆ 20 ಮಿಲಿವೋಲ್ಟ್ ನಾಯ್ಸ್ ಇದೆ ಎಂದುಕೊಳ್ಳಿ. ಗಡಿಯನ್ನು ಪೂರ್ತಿಯಾಗಿ ದಾಟಲು ಸಿಗ್ನಲ್‌ಗೆ ಸುಮಾರು 25 ಸೆಕೆಂಡ್ ಬೇಕು. ನಾಯ್ಸ್ 50 ಹರ್ಟ್ಸ್‌ನದಾದರೆ, ಆ 25 ಸೆಕೆಂಡಿನಲ್ಲಿ ಔಟ್‌ಪುಟ್ ಸಾವಿರಕ್ಕೂ ಹೆಚ್ಚು ಸಲ ಆನ್-ಆಫ್ ಆಗಬಹುದು. ಸಾಮಾನ್ಯ ಸಣ್ಣ ರಿಲೇಗಳಿಗೆ ಪೂರ್ಣ ಲೋಡ್‌ನಲ್ಲಿ ಸುಮಾರು ಒಂದು ಲಕ್ಷ ಸಲದ ಆಯುಷ್ಯವಷ್ಟೇ ಇರುತ್ತದೆ. ರಿಲೇ ಈ ಏರಿಳಿತದ ಒಂದು ಪಾಲನ್ನು ಮಾತ್ರ ಹಿಂಬಾಲಿಸಿದರೂ ಅದು ಬೇಗ ಸವೆಯುವುದರಲ್ಲಿ ಆಶ್ಚರ್ಯವಿಲ್ಲ.

ಒಂದು ಗಡಿಯ ಬದಲು ಎರಡು

ತಕ್ಕಡಿ ಒಂದು ಕಡೆ ವಾಲಿದ ಕೂಡಲೇ ಅದೇ ತಟ್ಟೆಗೆ ಚಿಟಿಕೆ ತೂಕವನ್ನು ಸೇರಿಸಿಬಿಟ್ಟರೆ ಮುಳ್ಳಿನ ತುಯ್ದಾಟ ನಿಲ್ಲುತ್ತದೆ. ಅದನ್ನು ಮತ್ತೆ ಆಚೆ ವಾಲಿಸಬೇಕಾದರೆ, ಸೇರಿಸಿದ ಆ ಚಿಟಿಕೆಯನ್ನೂ ಮೀರಿಸುವಷ್ಟು ತೂಕ ಎದುರು ತಟ್ಟೆಗೆ ಬೀಳಬೇಕು. ಸರ್ಕ್ಯೂಟ್‌ನಲ್ಲಿ ಈ ಚಿಟಿಕೆಯ ಕೆಲಸ ಮಾಡುವುದು ಔಟ್‌ಪುಟ್‌ನಿಂದ ಪ್ಲಸ್ ಪಿನ್‌ಗೆ ಹಾಕಿದ ರೆಸಿಸ್ಟರ್. ಔಟ್‌ಪುಟ್ ಹೈ ಆದಾಗ ಅದು ಪ್ಲಸ್ ಪಿನ್ನನ್ನು ಸ್ವಲ್ಪ ಮೇಲಕ್ಕೆ ಎಳೆಯುತ್ತದೆ, ಲೋ ಆದಾಗ ಸ್ವಲ್ಪ ಕೆಳಕ್ಕೆ. ಆದ ನಿರ್ಧಾರವನ್ನೇ ಗಟ್ಟಿ ಮಾಡುವ ಈ ಜೋಡಣೆಗೆ ಪಾಸಿಟಿವ್ ಫೀಡ್‌ಬ್ಯಾಕ್ ಎನ್ನುತ್ತಾರೆ.

ಹೀಗಾಗಿ ಎರಡು ಗಡಿಗಳು ಹುಟ್ಟುತ್ತವೆ: ಮೇಲ್ಗಡಿ ಮತ್ತು ಕೆಳಗಡಿ. ಇವೆರಡರ ನಡುವಿನ ಪಟ್ಟಿಯಲ್ಲಿ ಸಿಗ್ನಲ್ ಎಷ್ಟೇ ಕುಣಿದರೂ ಔಟ್‌ಪುಟ್ ಹಿಂದಿನ ಸ್ಥಿತಿಯಲ್ಲೇ ಉಳಿಯುತ್ತದೆ. ಅಮೆರಿಕದ ವಿಜ್ಞಾನಿ ಆಟೋ ಶ್ಮಿಟ್ 1930ರ ದಶಕದಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ನರಗಳ ಅಧ್ಯಯನದ ಬೆನ್ನುಹತ್ತಿ ಇಂಥ ಸರ್ಕ್ಯೂಟ್ ರೂಪಿಸಿ, 1938ರಲ್ಲಿ ಪ್ರಕಟಿಸಿದರು. ಆಗ ಅದು ವ್ಯಾಕ್ಯೂಮ್ ಟ್ಯೂಬ್‌ಗಳದ್ದು. ಇಂದಿಗೂ ಅದಕ್ಕೆ ಶ್ಮಿಟ್ ಟ್ರಿಗರ್ ಎಂದೇ ಹೆಸರು.

ಪಟ್ಟಿ ಎಷ್ಟು ಅಗಲ ಇರಬೇಕು?

ರೆಸಿಸ್ಟರ್ ಲೆಕ್ಕಕ್ಕಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಬಹಳ ಮಂದಿ ಇದನ್ನು ಹಾರಿ, ಎಲ್ಲೋ ಕಂಡ 1 ಮೆಗಾ ಓಮ್ ರೆಸಿಸ್ಟರನ್ನು ಹಾಕಿ ಮುಗಿಸುತ್ತಾರೆ.

ಅಗಲವನ್ನು ಎರಡು ಕಡೆಯಿಂದ ನೋಡಬೇಕು. ಕೆಳಗಿನ ಮಿತಿಯನ್ನು ಹೇಳುವುದು ನಾಯ್ಸ್. ಔಟ್‌ಪುಟ್ ಬದಲಾದ ಮರುಕ್ಷಣ ಗಡಿ ಪಟ್ಟಿಯಷ್ಟು ದೂರ ಸರಿದಿರುತ್ತದೆ. ಮತ್ತೆ ಹಿಂದಕ್ಕೆ ಹೊರಳಬೇಕಾದರೆ ನಾಯ್ಸ್ ಒಂದೇ ಏಟಿಗೆ ಇಡೀ ಪಟ್ಟಿಯನ್ನು ದಾಟಬೇಕು. ಆದ್ದರಿಂದ ಪಟ್ಟಿ, ನಾಯ್ಸ್‌ನ ತುದಿಯಿಂದ ತುದಿಯ ಅಳತೆಗಿಂತ ದೊಡ್ಡದಿರಲೇಬೇಕು. ಎರಡು ಪಟ್ಟು ಇದ್ದರೆ ನೆಮ್ಮದಿ, ಮೂರು ಪಟ್ಟು ಇದ್ದರೆ ಇನ್ನೂ ಒಳ್ಳೆಯದು. ನಾಯ್ಸನ್ನು ಊಹಿಸಬೇಡಿ. ಸೆನ್ಸರ್ ತನ್ನ ಜಾಗದಲ್ಲಿ, ವೈರ್ ತನ್ನ ಪೂರ್ಣ ಉದ್ದದಲ್ಲಿ, ಲೋಡ್ ಓಡುತ್ತಿರುವಾಗ ಆಸಿಲೋಸ್ಕೋಪ್‌ನಲ್ಲಿ ಅಳೆಯಿರಿ.

ಮೇಲಿನ ಮಿತಿಯನ್ನು ಹೇಳುವುದು ನಿಮ್ಮ ಅಗತ್ಯ. 40 ಡಿಗ್ರಿಗೆ ಓಡಲು ಶುರುವಾದ ಫ್ಯಾನ್ 36ಕ್ಕೆ ನಿಂತರೆ ಅಡ್ಡಿಯಿಲ್ಲವೇ, ಅಥವಾ 39ಕ್ಕೇ ನಿಲ್ಲಬೇಕೇ? ಪಟ್ಟಿ ಕಿರಿದಾದಷ್ಟೂ ನಿಯಂತ್ರಣ ಬಿಗಿ, ಆದರೆ ಆನ್-ಆಫ್ ಹೆಚ್ಚು.

ಇಲ್ಲಿ ಚಿಪ್‌ನ ಆಫ್‌ಸೆಟ್ ವೋಲ್ಟೇಜನ್ನು, ಎಂದರೆ ಎರಡು ಇನ್‌ಪುಟ್‌ಗಳನ್ನು ಹೋಲಿಸುವಾಗ ಚಿಪ್‌ನಿಂದಲೇ ಆಗುವ ಸಣ್ಣ ವ್ಯತ್ಯಾಸವನ್ನು, ತಪ್ಪಾಗಿ ಎಣಿಸುವವರೂ ಇದ್ದಾರೆ. ಎಲ್‌ಎಂ393ರಲ್ಲಿ ಅದು ಮಾಮೂಲಿಗೆ 2, ಹೆಚ್ಚೆಂದರೆ 5 ಮಿಲಿವೋಲ್ಟ್. ಆಫ್‌ಸೆಟ್‌ನಿಂದ ಪಟ್ಟಿ ಕಿರಿದಾಗುವುದಿಲ್ಲ, ಇಡೀ ಪಟ್ಟಿ ಆ ಕಡೆಗೋ ಈ ಕಡೆಗೋ ಜರುಗುತ್ತದೆ, ಅಷ್ಟೆ.

ಒಂದು ಉದಾಹರಣೆ: 40ಕ್ಕೆ ಆನ್, 36ಕ್ಕೆ ಆಫ್

ಸಪ್ಲೈ 5 ವೋಲ್ಟ್. ಸೆನ್ಸರ್ ಆಗಿ 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವ, ಬೀಟಾ ಮೌಲ್ಯ (ಬಿಸಿಗೆ ರೆಸಿಸ್ಟೆನ್ಸ್ ಎಷ್ಟು ಬದಲಾಗುತ್ತದೆಂದು ಹೇಳುವ ಅಂಕಿ) 3950 ಇರುವ ಎನ್‌ಟಿಸಿ ಥರ್ಮಿಸ್ಟರ್. ಬಿಸಿ ಹೆಚ್ಚಾದಂತೆ ಇದರ ರೆಸಿಸ್ಟೆನ್ಸ್ ಇಳಿಯುತ್ತದೆ: 36 ಡಿಗ್ರಿಯಲ್ಲಿ ಸುಮಾರು 6.24 ಕಿಲೋ ಓಮ್, 40ರಲ್ಲಿ ಸುಮಾರು 5.30. ಇದರ ಒಂದು ತುದಿ ಗ್ರೌಂಡ್‌ಗೆ, ಇನ್ನೊಂದು ತುದಿ 10 ಕಿಲೋ ಓಮ್ ರೆಸಿಸ್ಟರ್ ಮೂಲಕ 5 ವೋಲ್ಟ್‌ಗೆ. ನಡುವಿನ ಬಿಂದುವಿನಲ್ಲಿ 36 ಡಿಗ್ರಿಗೆ 1.921 ವೋಲ್ಟ್, 40 ಡಿಗ್ರಿಗೆ 1.732 ವೋಲ್ಟ್ ಸಿಗುತ್ತದೆ. ಅಂದರೆ ನಮಗೆ ಬೇಕಾದ ಪಟ್ಟಿ 0.189 ವೋಲ್ಟ್. ನಾಯ್ಸ್ 40 ಮಿಲಿವೋಲ್ಟ್ ಇದ್ದರೂ ಇದು ಅದರ ನಾಲ್ಕರಷ್ಟಕ್ಕಿಂತ ಹೆಚ್ಚು, ಸಾಕಷ್ಟಾಯಿತು.

ಈ ಬಿಂದುವನ್ನು ಎಲ್‌ಎಂ393ರ ಮೈನಸ್ ಇನ್‌ಪುಟ್‌ಗೆ, ಎಂದರೆ 2ನೇ ಪಿನ್‌ಗೆ ಕೊಡಿ. ಪ್ಲಸ್ ಇನ್‌ಪುಟ್ 3ನೇ ಪಿನ್, ಔಟ್‌ಪುಟ್ 1ನೇ ಪಿನ್, ಗ್ರೌಂಡ್ 4, ಸಪ್ಲೈ 8. ಪ್ಲಸ್ ಪಿನ್‌ನಿಂದ ಮೂರು ರೆಸಿಸ್ಟರ್‌ಗಳು ಹೊರಡುತ್ತವೆ: ಸಪ್ಲೈಗೆ ಆರ್1, ಗ್ರೌಂಡ್‌ಗೆ ಆರ್2, ಔಟ್‌ಪುಟ್‌ಗೆ ಆರ್3. ಹಿಸ್ಟೆರಿಸಿಸ್ ಕೊಡುವುದು ಆರ್3.

ಈ ಚಿಪ್‌ನ ಔಟ್‌ಪುಟ್ ಓಪನ್ ಕಲೆಕ್ಟರ್ ಬಗೆಯದು. ಅದು ಗ್ರೌಂಡ್ ಕಡೆಗೆ ಎಳೆಯಬಲ್ಲದು, ಮೇಲಕ್ಕೆ ತಳ್ಳಲಾರದು. ಹೈ ಆಗಬೇಕಾದಾಗ ಸುಮ್ಮನೆ ಕೈಬಿಡುತ್ತದೆ. ಮೇಲಕ್ಕೆ ಎಳೆಯಲು ಔಟ್‌ಪುಟ್‌ನಿಂದ 5 ವೋಲ್ಟ್‌ಗೆ ಒಂದು ಪುಲ್-ಅಪ್ ರೆಸಿಸ್ಟರ್ ಬೇಕು. ಅದು ಆರ್4, 4.7 ಕಿಲೋ ಓಮ್.

ಔಟ್‌ಪುಟ್‌ನಿಂದ ಲಾಜಿಕ್-ಲೆವೆಲ್ (5 ವೋಲ್ಟ್‌ಗೇ ಪೂರ್ತಿ ಆನ್ ಆಗುವ) ಎನ್-ಚಾನೆಲ್ ಮಾಸ್‌ಫೆಟ್ ಎಂಬ ಸ್ವಿಚ್‌ನಂಥ ಟ್ರಾನ್ಸಿಸ್ಟರ್‌ನ ಗೇಟ್‌ಗೆ, ಎಂದರೆ ಅದನ್ನು ಆನ್-ಆಫ್ ಮಾಡುವ ಪಿನ್‌ಗೆ, ಸಂಪರ್ಕ, ಅದು ಫ್ಯಾನನ್ನು ಗ್ರೌಂಡ್ ಕಡೆಯಿಂದ ಆನ್ ಮಾಡುತ್ತದೆ. ಐಆರ್‌ಎಲ್‌ಝಡ್44ಎನ್ ಸರಿಹೋಗುತ್ತದೆ. ಹೆಸರಿನಲ್ಲಿ ಒಂದೇ ಅಕ್ಷರ ಬೇರೆ ಇರುವ ಐಆರ್‌ಎಫ್‌ಝಡ್44ಎನ್ ಬೇಡ, ಅದನ್ನು ಪೂರ್ತಿ ಆನ್ ಮಾಡಲು ಗೇಟ್‌ಗೆ 10 ವೋಲ್ಟ್ ಬೇಕು. ಫ್ಯಾನಿನ ಎರಡು ತಂತಿಗಳ ನಡುವೆ ಒಂದು ಡಯೋಡ್ ಉಲ್ಟಾ ಇರಲಿ. ಚಿಪ್‌ನ 8 ಮತ್ತು 4ನೇ ಪಿನ್‌ಗಳ ನಡುವೆ, ಪಿನ್‌ಗಳಿಗೆ ತಾಗಿದಂತೆ, 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ. ಚಿಪ್‌ನಲ್ಲಿರುವ ಎರಡನೇ ಕಂಪ್ಯಾರೇಟರ್ ಬಳಸದಿದ್ದರೆ ಅದರ ಇನ್‌ಪುಟ್‌ಗಳಾದ 5 ಮತ್ತು 6ನೇ ಪಿನ್‌ಗಳನ್ನು ಗ್ರೌಂಡ್‌ಗೆ ಕಟ್ಟಿ.

ತಂಪಿನಲ್ಲಿ ಸೆನ್ಸರ್ ವೋಲ್ಟೇಜ್ ಹೆಚ್ಚಿರುವುದರಿಂದ ಔಟ್‌ಪುಟ್ ಲೋ, ಫ್ಯಾನ್ ನಿಂತಿರುತ್ತದೆ. ಬಿಸಿ ಏರಿ ಸೆನ್ಸರ್ ವೋಲ್ಟೇಜ್ ಕೆಳಗಡಿಗಿಂತ ಇಳಿದಾಗ ಔಟ್‌ಪುಟ್ ಹೈ ಆಗುತ್ತದೆ, ಅದೇ ಕ್ಷಣ ಗಡಿ ಮೇಲಕ್ಕೆ ಜಿಗಿಯುತ್ತದೆ. ಮುಂದೆ ಸೆನ್ಸರ್ ವೋಲ್ಟೇಜ್ ಆ ಮೇಲ್ಗಡಿಯನ್ನು ದಾಟುವವರೆಗೂ ಫ್ಯಾನ್ ಓಡುತ್ತದೆ.

ರೆಸಿಸ್ಟರ್ ಲೆಕ್ಕ

ಔಟ್‌ಪುಟ್ ಹೈ ಎಂದರೆ ಪೂರ್ಣ ಸಪ್ಲೈ, ಲೋ ಎಂದರೆ ಸೊನ್ನೆ ಎಂದು ಮೊದಲಿಗೆ ಹಿಡಿದರೆ ಎರಡೇ ಸಾಲಿನ ಸೂತ್ರ:

ಆರ್3 = ಆರ್1 × ಕೆಳಗಡಿ ÷ (ಮೇಲ್ಗಡಿ − ಕೆಳಗಡಿ)

ಆರ್2 = ಆರ್1 × ಕೆಳಗಡಿ ÷ (ಸಪ್ಲೈ − ಮೇಲ್ಗಡಿ)

ಆರ್1 ಅನ್ನು ನಾವೇ ಆರಿಸಿಕೊಳ್ಳಬೇಕು. 18 ಕಿಲೋ ಓಮ್ ಎಂದಿಟ್ಟುಕೊಂಡರೆ ಆರ್3 ಸುಮಾರು 165, ಆರ್2 ಸುಮಾರು 10.1 ಕಿಲೋ ಓಮ್ ಬರುತ್ತದೆ. ಔಟ್‌ಪುಟ್ ಹೈ ಇದ್ದಾಗ ಆರ್3ಕ್ಕೆ ಪುಲ್-ಅಪ್ ಆರ್4 ಸಾಲಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಆರ್3ಕ್ಕೆ 160 ಕಿಲೋ ಓಮ್, ಆರ್2ಕ್ಕೆ 10 ಕಿಲೋ ಓಮ್ ಹಾಕೋಣ. ಎಲ್ಲವೂ ಶೇ. 1ರ ರೆಸಿಸ್ಟರ್‌ಗಳು.

ಈಗ ನಿಜವಾದ ಮೌಲ್ಯಗಳೊಂದಿಗೆ ಮರುಲೆಕ್ಕ. ಔಟ್‌ಪುಟ್ ಲೋ ಇದ್ದಾಗ 4.7 ಕಿಲೋ ಓಮ್ ಮೂಲಕ ಸುಮಾರು 1 ಮಿಲಿಆಂಪ್ ಹರಿಯುತ್ತದೆ, ಆಗ ಔಟ್‌ಪುಟ್ ಪೂರ್ತಿ ಸೊನ್ನೆಗೆ ಇಳಿಯದೆ 0.1 ವೋಲ್ಟ್‌ನಷ್ಟರಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. ಕೆಳಗಡಿ 1.721 ವೋಲ್ಟ್ ಆಗುತ್ತದೆ. ಹೈ ಇದ್ದಾಗ ಆರ್3 ಮತ್ತು ಆರ್4 ಸೇರಿ 164.7 ಕಿಲೋ ಓಮ್, ಮೇಲ್ಗಡಿ 1.907 ವೋಲ್ಟ್. ಪಟ್ಟಿ 186 ಮಿಲಿವೋಲ್ಟ್. ತಾಪಮಾನಕ್ಕೆ ತಿರುಗಿಸಿದರೆ 40.3ಕ್ಕೆ ಆನ್, 36.3ಕ್ಕೆ ಆಫ್. ಸಾಮಾನ್ಯವಾಗಿ ಸಿಗುವ ಮೌಲ್ಯಗಳಲ್ಲೇ ಇಷ್ಟು ಹತ್ತಿರ ಬಂದರೆ ಮತ್ತೇನು ಬೇಕು?

ರೆಸಿಸ್ಟರ್ ಶೇ. 1ರದ್ದಾದರೆ ಗಡಿ ಹೆಚ್ಚೆಂದರೆ 22 ಮಿಲಿವೋಲ್ಟ್‌ನಷ್ಟು ಸರಿಯಬಹುದು, ಆಫ್‌ಸೆಟ್ ಸೇರಿಸಿದರೆ 27. ಅಂದರೆ ಸುಮಾರು 0.6 ಡಿಗ್ರಿ. ಶೇ. 5ರದ್ದು ಹಾಕಿದರೆ 110 ಮಿಲಿವೋಲ್ಟ್, 2 ಡಿಗ್ರಿಗೂ ಹೆಚ್ಚು. ಥರ್ಮಿಸ್ಟರ್‌ನ ದೋಷ ಇದರ ಮೇಲೆ ಬೇರೆ: ಅದರ ರೆಸಿಸ್ಟೆನ್ಸ್ ಡಿಗ್ರಿಗೆ ಶೇ. 4ರಷ್ಟು ಬದಲಾಗುವುದರಿಂದ, ಶೇ. 5ರ ಥರ್ಮಿಸ್ಟರ್ ಎಂದರೆ ಒಂದೂಕಾಲು ಡಿಗ್ರಿಯ ದೋಷ.

ಇನ್ನೊಂದು ಅನುಕೂಲ ಈ ಜೋಡಣೆಯಲ್ಲಿ ತಾನಾಗಿ ಬಂದಿದೆ. ಸೆನ್ಸರ್ ಮತ್ತು ಗಡಿ ಎರಡೂ ಅದೇ 5 ವೋಲ್ಟ್‌ನಿಂದ ಹುಟ್ಟುವುದರಿಂದ ಸಪ್ಲೈ 4.8ಕ್ಕೆ ಇಳಿದರೂ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ಆನ್-ಆಫ್ ತಾಪಮಾನ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ. ಗಡಿಗೆ ಮಾತ್ರ ಬೇರೆ ಸ್ಥಿರ ರೆಫರೆನ್ಸ್ ವೋಲ್ಟೇಜ್ ಕೊಟ್ಟು ಸೆನ್ಸರನ್ನು ಸಪ್ಲೈಗೇ ಬಿಟ್ಟರೆ, ಅದೇ 0.2 ವೋಲ್ಟ್ ಇಳಿತ ಸೆನ್ಸರ್ ಬಿಂದುವನ್ನು 69 ಮಿಲಿವೋಲ್ಟ್ ಸರಿಸುತ್ತದೆ. ದುಬಾರಿ ರೆಫರೆನ್ಸ್ ಹಾಕಿ ನಿಖರತೆ ಕಳೆದುಕೊಳ್ಳುವ ವಿಚಿತ್ರ ಇದು.

ಲೆಕ್ಕ ಸರಿ, ಸರ್ಕ್ಯೂಟ್ ಏಕೆ ತಪ್ಪುತ್ತದೆ?

ಹಿಸ್ಟೆರಿಸಿಸ್ ಹುಟ್ಟುವುದು ಔಟ್‌ಪುಟ್‌ನ ವೋಲ್ಟೇಜ್‌ನಿಂದ. ಆ ವೋಲ್ಟೇಜ್ ಲೆಕ್ಕದಲ್ಲಿ ಹಿಡಿದಷ್ಟು ಇಲ್ಲದಿದ್ದರೆ ಪಟ್ಟಿಯೂ ಇರುವುದಿಲ್ಲ. ಹೆಚ್ಚಿನ ತೊಂದರೆಗಳ ಬೇರು ಇಲ್ಲೇ ಇದೆ.

ಮಾಸ್‌ಫೆಟ್ ಬದಲು ಸಾಧಾರಣ ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿ, ಅದರ ಬೇಸ್‌ಗೆ 1 ಕಿಲೋ ಓಮ್ ಮೂಲಕ ಔಟ್‌ಪುಟ್ ಕೊಟ್ಟಿದ್ದೀರಿ ಎನ್ನೋಣ. ಬೇಸ್ 0.7 ವೋಲ್ಟ್‌ನಲ್ಲಿ ಹಿಡಿದು ನಿಲ್ಲುತ್ತದೆ. 5 ವೋಲ್ಟ್‌ನಿಂದ 4.7 ಮತ್ತು 1 ಕಿಲೋ ಓಮ್ ಮೂಲಕ ಕರೆಂಟ್ ಹರಿದು ಔಟ್‌ಪುಟ್ ಪಿನ್ ಸುಮಾರು 1.45 ವೋಲ್ಟ್‌ಗೆ ಮಾತ್ರ ಏರುತ್ತದೆ. ಲೆಕ್ಕದಲ್ಲಿ 5 ವೋಲ್ಟ್ ಹಿಡಿದಿದ್ದೆವು. ಮೇಲ್ಗಡಿ 1.907ರಿಂದ 1.773ಕ್ಕೆ ಕುಸಿಯುತ್ತದೆ. 186 ಮಿಲಿವೋಲ್ಟ್ ಪಟ್ಟಿ ಈಗ 52, ನಾಲ್ಕು ಡಿಗ್ರಿ ಅಂತರ ಒಂದು ಡಿಗ್ರಿ ಚಿಲ್ಲರೆ. ಟ್ರಾನ್ಸಿಸ್ಟರ್ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ಮೇಲ್ನೋಟಕ್ಕೆ ಎಲ್ಲವೂ ಸರಿ. ಒಂದು ದಿನ ಟಕಟಕ ಶುರುವಾದಾಗ ಆರ್3ರ ಮೇಲೆ ಅನುಮಾನ ಬರುತ್ತದೆ, ಬೇಸ್ ರೆಸಿಸ್ಟರ್ ಮೇಲೆ ಯಾರಿಗೂ ಬರುವುದಿಲ್ಲ. ಔಟ್‌ಪುಟ್‌ನಿಂದ ನೇರವಾಗಿ ಎಲ್‌ಇಡಿ ಉರಿಸಿದರೂ ಇದೇ ಕತೆ.

ಪುಲ್-ಅಪ್ ತೀರಾ ದೊಡ್ಡದಾದರೆ ಅದೇ ಬಗೆಯ ನಷ್ಟ. ಆರ್4ಕ್ಕೆ 100 ಕಿಲೋ ಓಮ್ ಹಾಕಿದರೆ ಪಟ್ಟಿ 143 ಮಿಲಿವೋಲ್ಟ್‌ಗೆ ಇಳಿಯುತ್ತದೆ. ತೀರಾ ಚಿಕ್ಕದಾದರೆ ಇನ್ನೊಂದು ತುದಿಯ ತೊಂದರೆ: 330 ಓಮ್ ಎಂದರೆ 15 ಮಿಲಿಆಂಪ್, ಚಿಪ್ ಅಷ್ಟನ್ನು ಎಳೆಯಲು ಏದುಸಿರು ಬಿಡುತ್ತದೆ, ಲೋ ವೋಲ್ಟೇಜ್ ಮೇಲೇರುತ್ತದೆ. ಎಲ್‌ಎಂ393 ಖಾತರಿಯಾಗಿ ಎಳೆಯುವುದು 6 ಮಿಲಿಆಂಪ್ ಮಾತ್ರ. 5 ವೋಲ್ಟ್ ಸಪ್ಲೈಗೆ 2.2ರಿಂದ 10 ಕಿಲೋ ಓಮ್ ನಡುವಿನ ಪುಲ್-ಅಪ್ ಸಮಂಜಸ.

ಪುಲ್-ಅಪ್ಪನ್ನೇ ಮರೆತರೆ? ಔಟ್‌ಪುಟ್ ಹೈ ಆಗಬೇಕಾದಾಗ ಮೀಟರ್ 1.8 ವೋಲ್ಟ್ ಆಸುಪಾಸು ತೋರಿಸುತ್ತದೆ. ಅದು ಆರ್1 ಮತ್ತು ಆರ್2ರ ನಡುವಿನ ವೋಲ್ಟೇಜ್, ಆರ್3ರ ಮೂಲಕ ಹಿಂದಕ್ಕೆ ಬಂದು ಕಾಣಿಸುತ್ತಿರುತ್ತದೆ. ಈ ಅಂಕಿ ಕಂಡ ಕೂಡಲೇ ಚಿಪ್ ಬದಲಿಸಲು ಹೋಗಬೇಡಿ.

ಎರಡನೇ ದೊಡ್ಡ ತಪ್ಪು, ಪ್ಲಸ್ ಪಿನ್‌ನಿಂದ ಗ್ರೌಂಡ್‌ಗೆ ಕೆಪಾಸಿಟರ್ ಹಾಕುವುದು. ನಾಯ್ಸ್ ಕಡಿಮೆಯಾಗಲಿ ಎಂಬ ಸದುದ್ದೇಶವೇನೋ ಇರುತ್ತದೆ. ಆದರೆ ಅಲ್ಲಿ ಆರ್1, ಆರ್2, ಆರ್3 ಸೇರಿ ಸುಮಾರು 6.2 ಕಿಲೋ ಓಮ್ ಇದೆ. 100 ನ್ಯಾನೋಫ್ಯಾರಡ್ ಹಾಕಿದರೆ ಗಡಿ ಸರಿಯಲು 0.6 ಮಿಲಿಸೆಕೆಂಡ್‌ನಷ್ಟು ಹಿಡಿಯುತ್ತದೆ. ಕಂಪ್ಯಾರೇಟರ್ ಹೊರಳುವುದು ಮೈಕ್ರೋಸೆಕೆಂಡ್‌ನಲ್ಲಿ. ಗಡಿ ದೂರ ಸರಿಯುವ ಮೊದಲೇ ನಾಯ್ಸ್ ಅದನ್ನು ಹತ್ತಾರು ಸಲ ಹಿಂದಕ್ಕೂ ಮುಂದಕ್ಕೂ ಹೊರಳಿಸಿಬಿಡುತ್ತದೆ. ಫಿಲ್ಟರ್ ಬೇಕಿದ್ದರೆ ಮೈನಸ್ ಪಿನ್ ಕಡೆ, ಎಂದರೆ ಥರ್ಮಿಸ್ಟರ್‌ಗೆ ಸಮಾಂತರವಾಗಿ ಹಾಕಿ. ಅಲ್ಲಿ ಅದೇ 100 ನ್ಯಾನೋಫ್ಯಾರಡ್ ಒಳ್ಳೆಯ ಕೆಲಸ ಮಾಡುತ್ತದೆ. ಪ್ಲಸ್ ಪಿನ್‌ನಲ್ಲಿ ಹಾಕಲೇಬೇಕಾದ ಕೆಪಾಸಿಟರ್ ಇದ್ದರೆ ಅದು ಆರ್3ಕ್ಕೆ ಸಮಾಂತರವಾಗಿ, ಕೆಲವು ಹತ್ತು ಪೈಕೋಫ್ಯಾರಡ್‌ನದು. ಅದು ಫೀಡ್‌ಬ್ಯಾಕ್‌ಗೆ ಚುರುಕು ಕೊಡುತ್ತದೆ.

ಮೂರನೆಯದು ಗ್ರೌಂಡ್ ವೈರ್. ಫ್ಯಾನಿನ ಕರೆಂಟ್ ಮತ್ತು ಥರ್ಮಿಸ್ಟರ್‌ನ ಗ್ರೌಂಡ್ ಒಂದೇ ತಂತಿಯಲ್ಲಿ ಹೋದರೆ, 0.1 ಓಮ್ ತಂತಿಯಲ್ಲಿ 200 ಮಿಲಿಆಂಪ್ ಹರಿದಾಗ ಥರ್ಮಿಸ್ಟರ್‌ನ ತಳ 20 ಮಿಲಿವೋಲ್ಟ್ ಮೇಲೇಳುತ್ತದೆ. ಸೆನ್ಸರ್ ವೋಲ್ಟೇಜ್ ಹೆಚ್ಚಾದಂತೆ, ಎಂದರೆ ತಂಪಾದಂತೆ, ಚಿಪ್‌ಗೆ ಕಾಣುತ್ತದೆ. ಫ್ಯಾನ್ ಆನ್ ಆದದ್ದೇ ಫ್ಯಾನನ್ನು ಆಫ್ ಮಾಡಲು ಹವಣಿಸಿದ ಹಾಗೆ. ಮೋಟಾರ್ ಹೊರಡುವ ಕ್ಷಣದಲ್ಲಿ 1 ಆಂಪ್ ಎಳೆದರೆ ಈ ಕಳ್ಳ ವೋಲ್ಟೇಜ್ 100 ಮಿಲಿವೋಲ್ಟ್, ಪಟ್ಟಿಯ ಅರ್ಧಕ್ಕಿಂತ ಹೆಚ್ಚು. ಲೋಡ್‌ನ ಗ್ರೌಂಡ್ ತಂತಿಯನ್ನು ಸಪ್ಲೈವರೆಗೆ ಪ್ರತ್ಯೇಕವಾಗಿ ಒಯ್ಯುವುದೊಂದೇ ದಾರಿ. ಪಟ್ಟಿ ಅಗಲಿಸಿ ಇದನ್ನು ಮುಚ್ಚಿಹಾಕುವುದು ಒಳ್ಳೆಯ ಅಭ್ಯಾಸವಲ್ಲ.

ಬ್ಯಾಟರಿ ಉಳಿಸಲು ರೆಸಿಸ್ಟರ್‌ಗಳನ್ನೆಲ್ಲ ನೂರು ಪಟ್ಟು ಹೆಚ್ಚಿಸಿದರೆ ಇನ್‌ಪುಟ್ ಬಯಾಸ್ ಕರೆಂಟ್, ಎಂದರೆ ಇನ್‌ಪುಟ್ ಪಿನ್‌ನಲ್ಲಿ ಹರಿಯುವ ಅತಿ ಸಣ್ಣ ಕರೆಂಟ್, ತಲೆ ಎತ್ತುತ್ತದೆ. ಎಲ್‌ಎಂ393ರಲ್ಲಿ ಇದು ಮಾಮೂಲಿಗೆ 25, ಗರಿಷ್ಠ 250 ನ್ಯಾನೋಆಂಪ್. 6.2 ಕಿಲೋ ಓಮ್‌ನಲ್ಲಿ ಗರಿಷ್ಠವಾದರೂ ಒಂದೂವರೆ ಮಿಲಿವೋಲ್ಟ್, ಲೆಕ್ಕಕ್ಕಿಲ್ಲ. 620 ಕಿಲೋ ಓಮ್‌ನಲ್ಲಿ 155 ಮಿಲಿವೋಲ್ಟ್, ಪಟ್ಟಿಯಷ್ಟೇ ದೊಡ್ಡ ತಪ್ಪು. ಅಂಥ ಕಡೆ ಈ ಕರೆಂಟ್ ತೀರಾ ಕಡಿಮೆ ಇರುವ ಸೀಮಾಸ್ ಇನ್‌ಪುಟ್‌ನ ಕಂಪ್ಯಾರೇಟರ್ ಆರಿಸಿ.

ಇನ್‌ಪುಟ್ ಮಿತಿಯ ಬಗ್ಗೆಯೂ ಎರಡು ಮಾತು. ಈ ಚಿಪ್‌ನ ಇನ್‌ಪುಟ್ ಸಪ್ಲೈಗಿಂತ 1.5 ವೋಲ್ಟ್ ಕೆಳಗಿನವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ, ಇಲ್ಲಿ 3.5 ವೋಲ್ಟ್. ಸೊನ್ನೆ ಡಿಗ್ರಿಯಲ್ಲಿ ನಮ್ಮ ಸೆನ್ಸರ್ 3.85 ವೋಲ್ಟ್ ಕೊಡುತ್ತದೆ. ಆದರೂ ಗಾಬರಿ ಬೇಡ: ಇನ್ನೊಂದು ಪಿನ್ ಮಿತಿಯೊಳಗೆ ಇರುವವರೆಗೂ ಔಟ್‌ಪುಟ್ ಸರಿಯಾಗಿಯೇ ಇರುತ್ತದೆ. ಗ್ರೌಂಡ್‌ಗಿಂತ 0.3 ವೋಲ್ಟ್‌ಗೂ ಕೆಳಗೆ ಮಾತ್ರ ಯಾವ ಪಿನ್ನನ್ನೂ ಒಯ್ಯಬಾರದು.

ಕಂಪ್ಯಾರೇಟರ್ ಬದಲು ಕೈಯಲ್ಲಿರುವ ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಹಾಕಬಹುದೇ? ಎಲ್‌ಎಂ358 ಹಾಕಿದರೆ ಫ್ಯಾನಿನಂಥ ನಿಧಾನದ ಕೆಲಸ ನಡೆಯುತ್ತದೆ, ಆದರೆ 5 ವೋಲ್ಟ್ ಸಪ್ಲೈನಲ್ಲಿ ಅದರ ಹೈ 3.5 ವೋಲ್ಟ್ ಆಸುಪಾಸಿಗೇ ನಿಲ್ಲುವುದರಿಂದ ಪಟ್ಟಿಯನ್ನು ಮತ್ತೆ ಲೆಕ್ಕ ಹಾಕಬೇಕು. ಎನ್‌ಇ5532ರಂಥವುಗಳಲ್ಲಿ ಎರಡು ಇನ್‌ಪುಟ್‌ಗಳ ನಡುವೆ ರಕ್ಷಣೆಯ ಡಯೋಡ್‌ಗಳಿವೆ, ಇನ್‌ಪುಟ್‌ಗಳು ಒಂದರಿಂದೊಂದು ದೂರ ಸರಿಯಲು ಅವು ಬಿಡುವುದಿಲ್ಲ. ಅವನ್ನು ಈ ಕೆಲಸಕ್ಕೆ ಹಚ್ಚಬೇಡಿ.

ಪರೀಕ್ಷೆ: ಮೊದಲು ಮೀಟರ್, ಆಮೇಲೆ ಸ್ಕೋಪ್

ಥರ್ಮಿಸ್ಟರ್ ತೆಗೆದು ಅದರ ಜಾಗಕ್ಕೆ 10 ಕಿಲೋ ಓಮ್‌ನ ಬಹುಸುತ್ತಿನ ಪೊಟೆನ್ಷಿಯೋಮೀಟರ್ ಹಾಕಿ. ಫ್ಯಾನ್ ಬದಲು ಸದ್ಯಕ್ಕೆ 1 ಕಿಲೋ ಓಮ್ ಸಮೇತ ಒಂದು ಎಲ್‌ಇಡಿ ಇರಲಿ, ಅದೂ ಮಾಸ್‌ಫೆಟ್‌ನ ಡ್ರೈನ್ ಕಡೆ, ಎಂದರೆ ಫ್ಯಾನ್ ಇದ್ದ ಜಾಗದಲ್ಲೇ, ಕಂಪ್ಯಾರೇಟರ್ ಔಟ್‌ಪುಟ್‌ನಲ್ಲಲ್ಲ. ಮೀಟರನ್ನು ಮೈನಸ್ ಪಿನ್‌ಗೆ ಇಟ್ಟು ಪೊಟೆನ್ಷಿಯೋಮೀಟರನ್ನು ಗರಿಷ್ಠದಿಂದ ನಿಧಾನವಾಗಿ ಇಳಿಸಿ. ಎಲ್‌ಇಡಿ ಹತ್ತಿದಾಗಿನ ವೋಲ್ಟೇಜ್ ಕೆಳಗಡಿ. ಹತ್ತಿದ ಮೇಲೆ ಏರಿಸುತ್ತ ಹೋಗಿ, ಆರಿದಾಗಿನದು ಮೇಲ್ಗಡಿ. ಕೈ ತಪ್ಪಿ ಮುಂದೆ ಹೋದರೆ ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿ ಓದಬಾರದು, ಪೂರ್ತಿ ಹಿಂದೆ ಹೋಗಿ ಮತ್ತೆ ಅದೇ ದಿಕ್ಕಿನಿಂದ ಬರಬೇಕು. ಇಲ್ಲದಿದ್ದರೆ ನೀವು ಓದುವುದು ಇನ್ನೊಂದು ಗಡಿಯನ್ನು.

ಅವಸರವಿದ್ದರೆ ಅಡ್ಡದಾರಿಯೂ ಉಂಟು. ಎಲ್‌ಇಡಿ ಆರಿರುವಾಗ ಪ್ಲಸ್ ಪಿನ್ನಿನ ವೋಲ್ಟೇಜ್ ಓದಿ, ಹತ್ತಿರುವಾಗ ಮತ್ತೊಮ್ಮೆ ಓದಿ. ಆಫ್‌ಸೆಟ್‌ನಷ್ಟು ವ್ಯತ್ಯಾಸ ಬಿಟ್ಟರೆ ಅವೇ ನಿಮ್ಮ ಎರಡು ಗಡಿಗಳು: ಸುಮಾರು 1.72 ಮತ್ತು 1.91.

ಅಂಕಿಗಳು ಹೊಂದದಿದ್ದರೆ ಅವೇ ಕಾರಣವನ್ನೂ ಹೇಳುತ್ತವೆ. ಎರಡೂ ಗಡಿ ಒಂದೇ ದಿಕ್ಕಿಗೆ ಸರಿದಿದ್ದು ಪಟ್ಟಿಯ ಅಗಲ ಸರಿಯಿದ್ದರೆ ಆರ್1, ಆರ್2 ಅಥವಾ ಸಪ್ಲೈ ನೋಡಿ. ಕೆಳಗಡಿ ಸರಿ, ಮೇಲ್ಗಡಿ ಮಾತ್ರ ತಗ್ಗಿದ್ದರೆ ಔಟ್‌ಪುಟ್ ಪೂರ್ತಿ ಮೇಲೇರುತ್ತಿಲ್ಲ, ಏನೋ ಅದನ್ನು ಜಗ್ಗುತ್ತಿದೆ. ಮೇಲ್ಗಡಿ ಸರಿ, ಕೆಳಗಡಿ ಎತ್ತರದಲ್ಲಿದ್ದರೆ ಔಟ್‌ಪುಟ್ ಪೂರ್ತಿ ಕೆಳಗಿಳಿಯುತ್ತಿಲ್ಲ, ಪುಲ್-ಅಪ್ ತೀರಾ ಚಿಕ್ಕದು. ಪಟ್ಟಿಯೇ ಇಲ್ಲವಾದರೆ ಆರ್3 ಕಡಿದಿದೆ. ಗಡಿಯ ಬಳಿ ಎಲ್‌ಇಡಿ ಮಂದವಾಗಿ ಉರಿದರೆ ಆರ್3 ಬಹುಶಃ ಮೈನಸ್ ಪಿನ್‌ಗೆ ಸೇರಿಕೊಂಡಿದೆ. ಆಗ ಅದು ನೆಗೆಟಿವ್ ಫೀಡ್‌ಬ್ಯಾಕ್, ನಿರ್ಧಾರವನ್ನು ಗಟ್ಟಿ ಮಾಡುವ ಬದಲು ಎಳೆದಾಡಿಸುತ್ತದೆ.

ಸ್ಕೋಪ್ ಇದ್ದರೆ ಪಟ್ಟಿಯನ್ನು ಕಣ್ಣಾರೆ ನೋಡಬಹುದು. ಫಂಕ್ಷನ್ ಜನರೇಟರ್‌ನಿಂದ 1.5 ಮತ್ತು 2.1 ವೋಲ್ಟ್ ನಡುವೆ ಏರಿಳಿಯುವ ತ್ರಿಕೋನ ಅಲೆಯನ್ನು, 10 ಹರ್ಟ್ಸ್‌ನಲ್ಲಿ, ಮೈನಸ್ ಪಿನ್‌ಗೆ ಕೊಡಿ. ಸ್ಕೋಪನ್ನು ಎಕ್ಸ್-ವೈ ವಿಧಾನಕ್ಕೆ ಹಾಕಿ, ಎಕ್ಸ್‌ಗೆ ಇನ್‌ಪುಟ್, ವೈಗೆ ಔಟ್‌ಪುಟ್. ಪರದೆಯ ಮೇಲೆ ಒಂದು ಆಯತ ಮೂಡುತ್ತದೆ, ಅದರ ಎಡಗೋಡೆ ಕೆಳಗಡಿ, ಬಲಗೋಡೆ ಮೇಲ್ಗಡಿ. ಗೋಡೆಗಳು ಒಂದೇ ಗೆರೆಯಾಗಿದ್ದರೆ ಸರಿ, ಹಲವು ಗೆರೆಗಳಾಗಿ ಮಸುಕಾಗಿದ್ದರೆ ನಾಯ್ಸ್ ಇದೆ.

ಆವರ್ತನ ಮಾತ್ರ ಕಡಿಮೆ ಇರಲಿ. 10 ಹರ್ಟ್ಸ್‌ನಲ್ಲಿ ಈ ಅಲೆ ಸೆಕೆಂಡಿಗೆ 12 ವೋಲ್ಟ್ ವೇಗದಲ್ಲಿ ಓಡುತ್ತದೆ, ಚಿಪ್‌ನ 1.3 ಮೈಕ್ರೋಸೆಕೆಂಡ್ ವಿಳಂಬದಿಂದ ಆಗುವ ತಪ್ಪು 16 ಮೈಕ್ರೋವೋಲ್ಟ್. 10 ಕಿಲೋಹರ್ಟ್ಸ್‌ನಲ್ಲಿ ಅದೇ ತಪ್ಪು 16 ಮಿಲಿವೋಲ್ಟ್ ಆಗಿ, ಎರಡೂ ಬದಿಗೆ ಸೇರಿ ಪಟ್ಟಿ ಇದ್ದದ್ದಕ್ಕಿಂತ ಅಗಲವಾಗಿ ಕಾಣುತ್ತದೆ. ಸ್ಕೋಪ್‌ನ ಪ್ರೋಬನ್ನು 10X ಸ್ಥಾನದಲ್ಲೇ ಇಡಿ. 1X ಸ್ಥಾನದಲ್ಲಿ ಅದು ನೂರು ಪೈಕೋಫ್ಯಾರಡ್‌ನಷ್ಟು ಹೊರೆಯಾಗಿ ಪ್ಲಸ್ ಪಿನ್ನಿನ ಚುರುಕನ್ನೇ ಕೆಡಿಸುತ್ತದೆ.

ಇಷ್ಟಾದ ಮೇಲೆ ಥರ್ಮಿಸ್ಟರ್ ಮತ್ತು ಫ್ಯಾನನ್ನು ಮರಳಿ ಜೋಡಿಸಿ, ನಿಜವಾದ ವೈರ್‌ಗಳೊಂದಿಗೆ ಪರೀಕ್ಷಿಸಿ. ಸ್ಕೋಪನ್ನು ಔಟ್‌ಪುಟ್‌ಗೆ ಇಟ್ಟು, ಒಂದೇ ಸಲ ಹಿಡಿಯುವ ಸಿಂಗಲ್ ಟ್ರಿಗರ್‌ನಲ್ಲಿ ಕಾಯಿರಿ. ಪ್ರತಿ ದಾಟುವಿಕೆಗೂ ಒಂದೇ ಅಂಚು ಕಾಣಬೇಕು. ಎಲ್‌ಇಡಿಯೊಂದಿಗೆ ಒಂದಿದ್ದದ್ದು ಫ್ಯಾನಿನೊಂದಿಗೆ ನಾಲ್ಕಾದರೆ, ಆರ್3 ಮುಟ್ಟುವ ಮೊದಲು ಗ್ರೌಂಡ್ ವೈರನ್ನೂ 8ನೇ ಪಿನ್ನಿನ ಕೆಪಾಸಿಟರನ್ನೂ ನೋಡಿ.

ಪ್ಲಸ್ ಪಿನ್‌ಗೇ ಸಿಗ್ನಲ್ ಕೊಡುವುದಾದರೆ

ಮೇಲಿನದು ತಲೆಕೆಳಗು ಮಾಡುವ ಜೋಡಣೆ: ಇನ್‌ಪುಟ್ ಇಳಿದರೆ ಔಟ್‌ಪುಟ್ ಏರುತ್ತದೆ. ಇನ್‌ಪುಟ್ ಏರಿದಾಗಲೇ ಔಟ್‌ಪುಟ್ ಏರಬೇಕಾದರೆ ರೆಫರೆನ್ಸನ್ನು ಮೈನಸ್ ಪಿನ್‌ಗೆ ಕೊಟ್ಟು, ಸಿಗ್ನಲ್ಲನ್ನು ಒಂದು ರೆಸಿಸ್ಟರ್ ಮೂಲಕ ಪ್ಲಸ್ ಪಿನ್‌ಗೆ ತಂದು, ಔಟ್‌ಪುಟ್‌ನಿಂದ ಇನ್ನೊಂದನ್ನು ಅಲ್ಲಿಗೇ ಸೇರಿಸಬೇಕು. ಪಟ್ಟಿಯ ಅಗಲ ಎಂದರೆ ಔಟ್‌ಪುಟ್‌ನ ಏರಿಳಿತವನ್ನು ಇನ್‌ಪುಟ್ ರೆಸಿಸ್ಟರ್‌ನಿಂದ ಗುಣಿಸಿ ಫೀಡ್‌ಬ್ಯಾಕ್ ರೆಸಿಸ್ಟರ್‌ನಿಂದ ಭಾಗಿಸಿದ್ದು. ಏರಿಳಿತ 5 ವೋಲ್ಟ್, ರೆಸಿಸ್ಟರ್‌ಗಳು 10 ಮತ್ತು 470 ಕಿಲೋ ಓಮ್ ಆದರೆ 106 ಮಿಲಿವೋಲ್ಟ್. ಇಲ್ಲಿ ಸೆನ್ಸರ್‌ನ ಸ್ವಂತ ರೆಸಿಸ್ಟೆನ್ಸ್ ಕೂಡ ಆ 10 ಕಿಲೋ ಓಮ್‌ಗೆ ಸೇರಿ ಪಟ್ಟಿಯನ್ನು ಬದಲಿಸುತ್ತದೆ. ಥರ್ಮಿಸ್ಟರ್‌ನಂಥ ಸೆನ್ಸರ್‌ಗೆ ಮೊದಲ ಜೋಡಣೆಯೇ ಮೇಲು.

ಗಡಿ ನಿಖರವಾಗಿ ಬೇಡ ಎನ್ನುವವರಿಗೆ ಸಿದ್ಧ ಚಿಪ್‌ಗಳಿವೆ. 74ಎಚ್‌ಸಿ14ರಲ್ಲಿ ಆರು ಶ್ಮಿಟ್ ಟ್ರಿಗರ್‌ಗಳಿರುತ್ತವೆ, ಸ್ವಿಚ್‌ನ ಅದಿರಾಟ ತೊಡೆಯಲು ಅದು ಹೇಳಿ ಮಾಡಿಸಿದ್ದು, ಆದರೆ ಗಡಿ ಚಿಪ್‌ನಿಂದ ಚಿಪ್‌ಗೆ ಬಹಳ ಬದಲಾಗುತ್ತದೆ. 555 ಟೈಮರ್‌ನ 2 ಮತ್ತು 6ನೇ ಪಿನ್‌ಗಳನ್ನು ಸೇರಿಸಿದರೆ ಸಪ್ಲೈನ ಮೂರನೇ ಒಂದು ಮತ್ತು ಮೂರನೇ ಎರಡು ಪಾಲಿನಲ್ಲಿ ಗಡಿಗಳು ಸಿಗುತ್ತವೆ. ಎಂಸಿಪಿ6541ರಂಥ ಕಂಪ್ಯಾರೇಟರ್‌ಗಳಲ್ಲಿ ಒಳಗೇ ಹಿಸ್ಟೆರಿಸಿಸ್ ಇದೆ, ಆದರೆ ಕೇವಲ 3.3 ಮಿಲಿವೋಲ್ಟ್‌ನಷ್ಟು. ಅದು ಚಿಪ್ ತಾನೇ ಕಂಪಿಸದಿರಲು ಇಟ್ಟದ್ದು. ಮೀಟರ್ ಉದ್ದದ ವೈರಿನ ನಾಯ್ಸ್‌ಗೆ ಅದು ಸಾಲದು, ಹೊರಗಿನ ಆರ್3 ಬೇಕೇ ಬೇಕು.

ಪವರ್ ಕೊಟ್ಟ ಕ್ಷಣ

ಎರಡು ಗಡಿಗಳ ನಡುವೆ ಔಟ್‌ಪುಟ್ ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಹಿಂದಿನ ಸ್ಥಿತಿ ತೀರ್ಮಾನಿಸುತ್ತದೆ. ಈಗಷ್ಟೇ ಪವರ್ ಬಂದ ಸರ್ಕ್ಯೂಟ್‌ಗೆ ಹಿಂದಿನದು ಎಂಬುದೇ ಇಲ್ಲ. ತಾಪಮಾನ 38 ಇರುವಾಗ ಸ್ವಿಚ್ ಹಾಕಿದರೆ ಫ್ಯಾನ್ ಓಡಬಹುದು, ಓಡದೆಯೂ ಇರಬಹುದು. ಸಪ್ಲೈ ಎಷ್ಟು ವೇಗವಾಗಿ ಏರಿತು, ಸೆನ್ಸರ್ ಕಡೆಯ ಕೆಪಾಸಿಟರ್ ಎಷ್ಟು ತುಂಬಿತ್ತು ಎಂಬುದರ ಮೇಲೆ ಅದು ನಿಂತಿದೆ. ನಮ್ಮ ಉದಾಹರಣೆಯಲ್ಲಿ ಥರ್ಮಿಸ್ಟರ್‌ಗೆ ಸಮಾಂತರ ಕೆಪಾಸಿಟರ್ ಇದ್ದರೆ ಮೈನಸ್ ಪಿನ್ ಮೊದಲ ಕ್ಷಣ ಸೊನ್ನೆಯ ಬಳಿ ಇರುವುದರಿಂದ, ಸಪ್ಲೈ ಥಟ್ಟನೆ ಬಂದರೆ ಫ್ಯಾನ್ ಆನ್ ಆಗಿಯೇ ಶುರುವಾಗುವ ಸಾಧ್ಯತೆ ಹೆಚ್ಚು. ಫ್ಯಾನಿಗೆ ಇದರಿಂದ ತೊಂದರೆಯಿಲ್ಲ. ಹೀಟರ್ ಅಥವಾ ಪಂಪ್ ಆದರೆ ಪೊಟೆನ್ಷಿಯೋಮೀಟರನ್ನು ಪಟ್ಟಿಯ ನಡುವೆ, 1.81 ವೋಲ್ಟ್‌ಗೆ ನಿಲ್ಲಿಸಿ, ಪವರನ್ನು ಇಪ್ಪತ್ತು ಸಲ ಆಫ್-ಆನ್ ಮಾಡಿ ಪ್ರತಿ ಸಲ ಯಾವ ಸ್ಥಿತಿ ಬಂತೆಂದು ಬರೆದಿಡಿ. ನಿಧಾನವಾಗಿ ಏರುವ ಸಪ್ಲೈನಲ್ಲೂ ಇದನ್ನೇ ಮಾಡಿ. ಬೇಡದ ಸ್ಥಿತಿ ಒಂದೇ ಸಲ ಬಂದರೂ, ಮೊದಲ ಅರ್ಧ ಸೆಕೆಂಡ್ ಗೇಟನ್ನು ಗ್ರೌಂಡ್‌ಗೆ ಹಿಡಿದಿಡುವ ಒಂದು ಚಿಕ್ಕ ಟ್ರಾನ್ಸಿಸ್ಟರ್ ಸೇರಿಸಬೇಕು. ಗೇಟ್ ಮತ್ತು ಔಟ್‌ಪುಟ್ ಒಂದೇ ಬಿಂದುವಾದ್ದರಿಂದ ಆ ಹೊತ್ತಿನಲ್ಲಿ ಗಡಿಯೂ ಕೆಳಗಡಿಯಲ್ಲೇ ಇರುತ್ತದೆ, ಬಿಟ್ಟ ಮೇಲೆ ಸರ್ಕ್ಯೂಟ್ ಆಫ್ ಸ್ಥಿತಿಯಿಂದಲೇ ಹೊರಡುತ್ತದೆ.